ಭಾವನಿಗೆ ಕಾಫಿ ಸಾಮಾನು ಗಿಫ್ಟ್ ಕೊಡ್ಬೇಕು, ಯಾವ್ದು ತಗೊಳ್ಲಿ?

ಮಲ್ಲಿಗೆ_ಇಡ್ಲಿ

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಭಾವನಿಗೆ 50 ತುಂಬತ್ತೆ. ಅಕ್ಕ ಮೈಸೂರಲ್ಲಿ ಮನೆಮಟ್ಟಿಗೆ ಊಟ ಇಟ್ಕೊಂಡಿದಾಳೆ, ನಾನೂ ನನ್ ತಂಗಿನೂ ಸೇರಿ ಒಳ್ಳೇದು ಏನಾದ್ರೂ ಕೊಡೋಣ ಅಂತ ಇದೀವಿ. ಪ್ಯಾಂಟ್ ಪೀಸು ಶರ್ಟ್ ಪೀಸು ಬೇಡ ಅಂತ ಮೊದ್ಲೇ ಮಾತಾಡ್ಕೊಂಡ್ವಿ, ಯಾಕಂದ್ರೆ ಭಾವನಿಗೆ ಬಟ್ಟೆ ಮೇಲೆ ಆಸೆನೇ ಇಲ್ಲ, ಅವ್ರ ಪ್ರಾಣ ಎಲ್ಲಾ ಅಡುಗೆ ಊಟದಲ್ಲಿ. ಬ್ಯಾಡಗಿ ಮೆಣಸಿನಕಾಯಿ ಬೇಕು ಅಂದ್ರೆ ಬ್ಯಾಡಗಿಗೇ ಹೋಗಿ ತರ್ತಾರೆ, ಸಾಗರದ ಕಡೆಯಿಂದ ಅಪ್ಪೆಮಿಡಿ ತರಿಸಿ ಅವ್ರೇ ಉಪ್ಪಿಗೆ ಹಾಕ್ತಾರೆ, ಸಾರಿನ ಪುಡಿಗೆ ಒಂದೊಂದು ಸಾಮಾನೂ ಬೇರೆ ಬೇರೆ ಹುರೀಬೇಕು, ಒಟ್ಟಿಗೆ ಹುರಿದ್ರೆ ಗೊತ್ತಾಗಿಬಿಡತ್ತೆ ಅವ್ರಿಗೆ.

ಆದ್ರೆ ಕಾಫಿ ಮಾತ್ರ ಮೊದ್ಲಿಂದ ಹೇಗಿತ್ತೋ ಹಾಗೇ ಇದೆ. ಅವ್ರ ಅಮ್ಮನ ಕಾಲದ ಸ್ಟೀಲ್ ಫಿಲ್ಟರ್ರು, ಅಂಗಡೀಲಿ ಪ್ಯಾಕೆಟ್ ಮಾಡಿ ಇಟ್ಟಿರೋ 70-30 ಪುಡಿ (70 ಪಾಲು ಕಾಫಿ, 30 ಪಾಲು ಚಿಕೋರಿ), ಅಷ್ಟೇ. ಇಷ್ಟು ರುಚಿ ಗೊತ್ತಿರೋ ಮನುಷ್ಯನಿಗೆ ಒಳ್ಳೆ ಕಾಫಿ ಸಾಮಾನು ಕೊಟ್ರೆ ಖುಷಿ ಪಡ್ತಾರೆ ಅನ್ನಿಸ್ತು, ಆನ್‌ಲೈನ್ ನೋಡೋಕೆ ಕೂತೆ, ಕೂತ್ಮೇಲೆ ತಲೆ ಕೆಟ್ಟೋಯ್ತು. ಮೋಕಾ ಪಾಟ್ ಅಂತಾರೆ, ಫ್ರೆಂಚ್ ಪ್ರೆಸ್ ಅಂತಾರೆ, ವಿ60 ಅಂತಾರೆ, ಏರೋಪ್ರೆಸ್ ಅಂತಾರೆ, ಇದ್ರ ಮಧ್ಯೆ 15 ಬಾರ್ ಅಂತ ದೊಡ್ಡದಾಗಿ ಬರೆದಿರೋ ಎಸ್ಪ್ರೆಸ್ಸೊ ಮಷಿನ್ನು ನಮ್ಮ ಬಜೆಟ್ಟಿಗೇ ಬರ್ತಿದೆ, ನೋಡೋಕೂ ಚೆನ್ನಾಗಿದೆ, ಗಿಫ್ಟ್ ಅಂತ ಡಬ್ಬ ಬಿಚ್ಚಿದಾಗ ಅದೇ ಚೆನ್ನಾಗಿ ಕಾಣತ್ತೆ ಅಂತ ತಂಗಿ ಹೇಳ್ತಿದಾಳೆ. ಚಿಕ್ಕಪ್ಪನ ಮಗ ಒಬ್ಬ ಮಾತ್ರ ಮಷಿನ್ ಎಲ್ಲಾ ಬಿಡಿ ಮೊದ್ಲು ಗ್ರೈಂಡರ್ ಕೊಡಿ ಅಂದ. ಮನೇಲಿ ಮಿಕ್ಸಿ ಇರುವಾಗ ಗ್ರೈಂಡರ್ ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ.

ಬಜೆಟ್ 7,000, ಹೆಚ್ಚು ಅಂದ್ರೆ ಇನ್ನೊಂದು 500 ಎಳೀಬಹುದು. ಅಟ್ಟ ಸೇರದೆ ದಿನಾ ಬಳಸೋಂಥದ್ದು ಆಗ್ಬೇಕು. ಗೊತ್ತಿರೋರು ದಯವಿಟ್ಟು ಹೇಳಿ.

ಎರಡನೇ_ಡಿಕಾಕ್ಷನ್

ಮೊದ್ಲು ಒಂದೇ ಪ್ರಶ್ನೆ: ನಿಮ್ಮ ಭಾವ ಹಾಲು ಹಾಕಿದ ಕಾಫಿ ಮಾತ್ರ ಕುಡಿಯೋದಾ, ಇಲ್ಲಾ ಕಪ್ಪು ಕಾಫಿನೂ ಇಷ್ಟಾನಾ? ಇದಕ್ಕೆ ಉತ್ತರ ಸಿಕ್ಕಿದ್ರೆ ಅರ್ಧ ಸಾಮಾನು ಪಟ್ಟಿಯಿಂದ ತಾನಾಗೇ ಹೋಗತ್ತೆ. ಫ್ರೆಂಚ್ ಪ್ರೆಸ್ (ಪುಡಿ ನೀರಲ್ಲಿ ನೆನೆಸಿ ಜಾಲರಿ ಒತ್ತೋ ಜಗ್ಗು), ವಿ60 (ಕಾಗದ ಇಟ್ಟು ಮೇಲಿಂದ ನೀರು ಸುರಿದು ಸೋಸೋ ಆಲಿಕೆ) ಎರಡ್ರಲ್ಲೂ ಬರೋದು ತೆಳು ಕಾಫಿ, 15 ಗ್ರಾಂ ಪುಡಿಗೆ 240 ಎಂಎಲ್ ನೀರು ಅನ್ನೋ ಲೆಕ್ಕದ್ದು, ಅದಕ್ಕೆ ನಮ್ಮ ಹಾಗೆ ಮುಕ್ಕಾಲು ಲೋಟ ಹಾಲು ಸುರಿದ್ರೆ ಹಾಲಿಗೆ ಬಣ್ಣ ಹಾಕಿದ ಹಾಗಾಗತ್ತೆ. ಹಾಲು ತಡ್ಕೊಳೋ ಗಟ್ಟಿ ಬೇಕಂದ್ರೆ ನಮ್ಮ ಫಿಲ್ಟರ್ ಡಿಕಾಕ್ಷನ್ನು, ಮೋಕಾ ಪಾಟು, ಎಸ್ಪ್ರೆಸ್ಸೊ, ಈ ಮೂರೇ.

ಆ 15 ಬಾರ್ ಮಷಿನ್ ಬಗ್ಗೆ. ಎಸ್ಪ್ರೆಸ್ಸೊಗೆ ಬೇಕಾಗಿರೋದು ಸುಮಾರು 9 ಬಾರ್ ಒತ್ತಡ, 15 ಅನ್ನೋದು ಪಂಪಿನ ಗರಿಷ್ಠ ಶಕ್ತಿ, ಅದು ಜಾಸ್ತಿ ಇದ್ರೆ ಕಾಫಿ ಚೆನ್ನಾಗಿರತ್ತೆ ಅಂತ ಏನಿಲ್ಲ. ಈ ಬೆಲೇಲಿ ಬರೋ ಮಷಿನ್ನುಗಳಲ್ಲಿ ಪುಡಿ ಹಾಕೋ ಬಟ್ಟಲಿನ ತಳದಲ್ಲಿ ಒಂದೇ ಒಂದು ಸಣ್ಣ ತೂತು ಇಟ್ಟು ಕಾಫಿನ ಅದ್ರಲ್ಲಿ ನುಗ್ಗಿಸಿ ನೊರೆ ಬರಿಸ್ತಾರೆ, ಪುಡಿ ಹಳೇದಾದ್ರೂ ಹೊಸದಾದ್ರೂ ನೊರೆ ಒಂದೇ ಥರ ಬರತ್ತೆ, ರುಚಿ ಮಾತ್ರ ಸಪ್ಪೆ. ನಾನು ಇಂಥದ್ದೊಂದು ತಗೊಂಡಿದ್ದೆ, ನಮ್ಮ ಏರಿಯಾದಲ್ಲಿ ಬೋರ್ ನೀರು, ಒಂದೂವರೆ ವರ್ಷಕ್ಕೆ ಒಳಗೆಲ್ಲಾ ಬಿಳಿ ಸುಣ್ಣ ಕಟ್ಟಿ ಪಂಪು ಹೋಯ್ತು, ರಿಪೇರಿಗೆ ಕೇಳಿದ ದುಡ್ಡಿಗೆ ಹೊಸದೇ ಬರ್ತಿತ್ತು. ತಿಂಗಳಿಗೊಂದ್ಸಲ ನಿಂಬೆ ಉಪ್ಪು ಕರಗಿಸಿದ ನೀರು ಓಡಿಸಬೇಕಿತ್ತು ಅಂತ ಆಮೇಲೆ ಗೊತ್ತಾಯ್ತು. ಡಬ್ಬ ಬಿಚ್ಚೋ ದಿನದ ಖುಷಿಗೋಸ್ಕರ ಅದನ್ನ ತಗೋಬೇಡಿ.

ಇನ್ನು ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ಭಾವ ಸಾರಿನ ಪುಡಿ ಯಾಕೆ ಮನೇಲೇ ಮಾಡ್ತಾರೆ? ಕೊತ್ತಂಬರಿ ಬೀಜ ಇಡೀದಾಗಿದ್ರೆ ಘಮ ಒಳಗಿರತ್ತೆ, ಪುಡಿ ಮಾಡಿ ಇಟ್ರೆ ದಿನ ಕಳೆದ ಹಾಗೆ ಹೋಗ್ತಾ ಹೋಗತ್ತೆ. ಕಾಫಿದೂ ಅದೇ ಕಥೆ, ಇನ್ನೂ ಬೇಗ ಹೋಗತ್ತೆ. ಹುರಿದು ಹದಿನೈದಿಪ್ಪತ್ತು ದಿನದೊಳಗಿನ ಬೀಜ, ಕಾಫಿ ಮಾಡೋ ಹೊತ್ತಿಗೆ ಪುಡಿ ಮಾಡಿದ್ದು, ಇಷ್ಟಿದ್ರೆ 300 ರೂಪಾಯಿ ಫಿಲ್ಟರ್‌ನಲ್ಲೂ ಬೆರಗಾಗೋಂಥ ಕಾಫಿ ಬರತ್ತೆ. ಯಾವಾಗ ಪುಡಿ ಮಾಡಿದ್ರೋ ಗೊತ್ತಿಲ್ದಿರೋ ಪ್ಯಾಕೆಟ್ ಪುಡೀನ ಲಕ್ಷ ರೂಪಾಯಿ ಮಷಿನ್ನಿಗೆ ಹಾಕಿದ್ರೂ ಏನೂ ಆಗಲ್ಲ.

ಮಿಕ್ಸಿ ಯಾಕೆ ಬೇಡ ಅಂದ್ರೆ, ಮಿಕ್ಸಿ ಬ್ಲೇಡು ಬೀಜನ ಹೊಡೆಯತ್ತೆ, ಅರೆಯಲ್ಲ. ಒಂದಿಷ್ಟು ಮೈದಾ ಥರ ಧೂಳು, ಒಂದಿಷ್ಟು ಮುರುಕು ಹಾಗೇ ಉಳಿಯತ್ತೆ. ಧೂಳಿನಿಂದ ಕಹಿ ಬೇಗ ಇಳಿಯತ್ತೆ, ಮುರುಕಿನಿಂದ ಏನೂ ಇಳಿಯೋದೇ ಇಲ್ಲ, ಒಂದೇ ಲೋಟದಲ್ಲಿ ಎರಡೂ. ಬರ್ ಗ್ರೈಂಡರ್ ಅಂತ ಬರತ್ತಲ್ಲ, ಅದ್ರಲ್ಲಿ ಎರಡು ಹಲ್ಲಿನ ಚಕ್ರದ ಮಧ್ಯೆ ಬೀಜ ಅರೆದು ಬೀಳತ್ತೆ, ಬೀಸೋಕಲ್ಲಿನ ಥರನೇ, ಆ ಎರಡರ ನಡುವಿನ ಸಂದು ಎಷ್ಟಿರ್ಬೇಕು ಅಂತ ನಾವು ತಿರುಗಿಸಿ ಇಟ್ಕೋಬಹುದು. ಫಿಲ್ಟರ್‌ಗೆ ಚಿರೋಟಿ ರವೆ ಹದ, ಫ್ರೆಂಚ್ ಪ್ರೆಸ್‌ಗೆ ದಪ್ಪ ಬನ್ಸಿ ರವೆ ಹದ. ಕೈಯಲ್ಲಿ ತಿರುಗಿಸೋದು ತಗೊಳ್ಳಿ, ಟೈಮ್‌ಮೋರ್ ಕಂಪನಿ ಥರದ್ದು ನಿಮ್ಮ ಬಜೆಟ್ ಒಳಗೇ ಬರತ್ತೆ. ಕರೆಂಟಿನ ಒಳ್ಳೆ ಗ್ರೈಂಡರ್ ಈ ದುಡ್ಡಿಗೆ ಬರಲ್ಲ.

ಧಾರ್ವಾಡ_ಫೇಡಾ

ನೋಡ್ರಿ ಅಕ್ಕಾರ, ನಮ್ಮ ಮನ್ಯಾಗ ಎಲ್ಲಾರೂ ಚಹಾ ಕುಡಿಯೋರು, ಕಾಫಿ ನಾ ಒಬ್ಬನ. ಒಬ್ಬಗ ಸಲುವಾಗಿ ಫಿಲ್ಟರ್ ಇಟ್ಟು ಡಿಕಾಕ್ಷನ್ ಇಳಿಸೂದು ಉಳಿದದ್ದು ಚೆಲ್ಲೂದು ಬ್ಯಾಡ ಅಂತ ನಾ ಏರೋಪ್ರೆಸ್ ತಗೊಂಡೆ, ನಾಕು ವರ್ಷ ಆತು, ಇವತ್ತಿಗೂ ದಿನಾ ಬಳಸ್ತೀನಿ. ಪ್ಲಾಸ್ಟಿಕ್ಕಿನ ಕೊಳವಿ ಅದ, ಒಳಗ ಪುಡಿ, ಬಿಸಿನೀರು, ಒಂದೂವರೆ ಎರಡು ನಿಮಿಷ ಬಿಟ್ಟು ಕೈಲೆ ಒತ್ತೂದು, ಚರಟ ಬಿಲ್ಲಿ ಹಂಗ ಗಟ್ಟಿಯಾಗಿ ಹೊರಗ ಬೀಳ್ತದ, ತೊಳಿಯೂದು ಹತ್ತು ಸೆಕೆಂಡು. 2005ರಾಗ ಅಮೆರಿಕಾದಾಗ ಅಲನ್ ಆಡ್ಲರ್ ಅನ್ನೋ ಎಂಜಿನಿಯರ್ ಹೊರಗ ತಂದದ್ದು, ಆಟದ ಸಾಮಾನು ಮಾಡೋ ಕಂಪನಿ ಇತ್ತು ಅವರ್ದು. ಒಡಿಯಂಗಿಲ್ಲ, ಊರಿಗೆ ಹೋಗಬೇಕಾರ ಚೀಲದಾಗ ಒಗದು ಹೋಗಬಹುದು. ಕಡಿಮಿ ನೀರು ಹಾಕಿ ಗಟ್ಟಿ ಮಾಡಿದ್ರ ಹಾಲಿಗೂ ನಡೀತದ. ಆದ್ರ ಒಂದ ಸಲಕ್ಕ ಒಂದ ಕಪ್ಪು, ಮನ್ಯಾಗ ನಾಕು ಮಂದಿ ಕಾಯ್ಕೋತ ನಿಂತ್ರ ಇದು ಉಪಯೋಗಿಲ್ಲ. ಹಂಗಾಗಿ ಮನ್ಯಾಗ ಕಾಫಿ ಕುಡಿಯೋರು ಎಷ್ಟ ಮಂದಿ ಅಂತ ಹೇಳ್ರಿ ಮೊದಲ.

ತುಂಬಿದ_ಲೋಟ

ಎಲ್ರೂ ಸಾಮಾನಿನ ಬಗ್ಗೆನೇ ಹೇಳ್ತಿದೀರ, ನಾನು ಬೇರೆ ಒಂದು ಕೇಳ್ತೀನಿ. ಆ ಮನೇಲಿ ಕಾಫಿ ಮಾಡೋದು ಯಾರು? ಗಿಫ್ಟ್ ಭಾವನಿಗೆ ಕೊಟ್ಟು ಬೆಳಿಗ್ಗೆ ಎದ್ದು ಆ ಗ್ರೈಂಡರ್ ತಿರುಗಿಸೋದು ನಿಮ್ಮ ಅಕ್ಕ ಆಗಿದ್ರೆ? ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನಮ್ಮನೆಯವ್ರಿಗೆ ಅವ್ರ ಫ್ರೆಂಡ್ಸ್ ಸೇರಿ ಒಂದು ಚಂದದ ಗಾಜಿನ ಫ್ರೆಂಚ್ ಪ್ರೆಸ್ ಕೊಟ್ರು. ಶನಿವಾರ ಭಾನುವಾರ ಅವ್ರು ಕಾಫಿ ಮಾಡಿ ಎಲ್ರಿಗೂ ಕೊಡ್ತಿದ್ರು, ಅದು ಖುಷಿನೇ, ಆದ್ರೆ ಆ ಜಾಲರಿ ಒಳಗೆ ಸಿಕ್ಕೊಂಡಿರೋ ಚರಟ ಬಿಚ್ಚಿ ತೊಳಿಯೋದು, ಸಿಂಕಲ್ಲಿ ಕಟ್ಟಿಕೊಂಡಿದ್ದನ್ನ ತೆಗಿಯೋದು ನಾನು. ಆರನೇ ತಿಂಗಳಿಗೆ ತೊಳಿಯುವಾಗ ಗಾಜು ನಲ್ಲಿಗೆ ತಾಗಿ ಒಡೀತು. ನಂಗೆ ಬೇಜಾರೂ ಆಯ್ತು ನಿರಾಳನೂ ಆಯ್ತು, ಎರಡೂ ನಿಜ.

ಇನ್ನೊಂದು ಲೆಕ್ಕ. ಕೈ ಗ್ರೈಂಡರ್‌ಗೆ ಒಂದು ಸಲಕ್ಕೆ ಹಿಡಿಯೋದು 20-25 ಗ್ರಾಂ ಬೀಜ. ನಾಲ್ಕು ಜನಕ್ಕೆ ಬೆಳಿಗ್ಗೆ ಸಂಜೆ ಅಂದ್ರೆ ದಿನಕ್ಕೆ 60-70 ಗ್ರಾಂ ಪುಡಿ ಬೇಕೇ ಬೇಕು, ಅಂದ್ರೆ ಮೂರು ಸಲ ತುಂಬಿಸಿ ತಿರುಗಿಸ್ಬೇಕು, ಅದೂ ಫಿಲ್ಟರ್‌ಗೆ ಬೇಕಾದ ನುಣುಪಿಗೆ ಬರೋವರೆಗೆ ತಿರುಗಿಸೋಕೆ ಟೈಮು ಹಿಡಿಯತ್ತೆ. ಬೆಳಿಗ್ಗೆ ಆರು ಗಂಟೆಗೆ ಹಾಲಿನೋರು ಬಂದು ಪೇಪರಿನೋರು ಬಂದು ಡಬ್ಬಿ ಕಟ್ಟೋ ಹೊತ್ತಲ್ಲಿ ಇದು ಯಾರ ಕೈಲಾಗತ್ತೆ? ವಯಸ್ಸಾದೋರ ಮಣಿಕಟ್ಟಿಗಂತೂ ಆಗೋದೇ ಇಲ್ಲ. ಎರಡನೇ_ಡಿಕಾಕ್ಷನ್ ಅವ್ರು ಹೇಳಿದ್ದು ತಪ್ಪು ಅಂತಲ್ಲ, ಪುಡಿ ತಾಜಾ ಇರ್ಬೇಕು ಅನ್ನೋದು ಒಪ್ಪಿದೆ, ಆದ್ರೆ ಯಾರ ಮನೆಗೆ ಅಂತ ನೋಡಿ ಹೇಳ್ಬೇಕು.

ಮಲ್ಲಿಗೆ_ಇಡ್ಲಿ

ಅಯ್ಯೋ ಇಷ್ಟು ಬೇಗ ಇಷ್ಟು ಉತ್ತರ, ಎಲ್ರಿಗೂ ಥ್ಯಾಂಕ್ಸ್. ತುಂಬಿದ_ಲೋಟ ಅವ್ರು ಕೇಳಿದ್ದು ಓದಿ ಅಕ್ಕನಿಗೆ ಫೋನ್ ಮಾಡ್ದೆ, ಗಿಫ್ಟ್ ವಿಷ್ಯ ಬಾಯಿ ಬಿಡದೆ ಸುಮ್ನೆ ಹೀಗೇ ವಿಚಾರಿಸ್ದೆ. ನಂಗೇ ಗೊತ್ತಿರ್ಲಿಲ್ಲ, ಬೆಳಗಿನ ಮೊದಲ ಕಾಫಿ ಮಾಡೋದು ಭಾವನೇ ಅಂತೆ. ರಾತ್ರಿ ಮಲಗೋ ಮುಂಚೆ ಫಿಲ್ಟರ್‌ಗೆ ಪುಡಿ ಹಾಕಿಟ್ಟು ಬೆಳಿಗ್ಗೆ ಐದೂವರೆಗೆ ಎದ್ದು ನೀರು ಹಾಕ್ತಾರಂತೆ, ಅವ್ರ ಅಮ್ಮನಿಗೆ ಮೊದಲ ಲೋಟ ಕೊಟ್ಟು ಆಮೇಲೆ ಅಕ್ಕನ್ನ ಎಬ್ಬಿಸೋದು. ಮದುವೆಯಾಗಿ 22 ವರ್ಷದಿಂದ ಹೀಗೇ ಅಂತೆ. ಅಕ್ಕ ಇದನ್ನ ಯಾವತ್ತೂ ಹೇಳಿರ್ಲಿಲ್ಲ. ಮನೇಲಿ ಕಾಫಿ ಕುಡಿಯೋರು ನಾಲ್ಕು ಜನ, ಅಕ್ಕನ ಅತ್ತೆಗೆ ಚಿಕೋರಿ ಹಾಕಿದ ಗಟ್ಟಿ ಕಾಫಿನೇ ಆಗ್ಬೇಕು, ಪುಡಿ ಬದಲಾದ್ರೆ ಮೊದಲ ಗುಟುಕಿಗೇ ಹೇಳ್ತಾರೆ.

ಹಾಲಾ ಕಪ್ಪಾ ಅಂತ ಕೇಳಿದ್ರಲ್ಲ, ಮನೇಲಿ ಹಾಲು ಹಾಕಿದ್ದೇ. ಆದ್ರೆ ಒಂದು ನೆನಪಾಯ್ತು. ಹೋದ ವರ್ಷ ಸಕಲೇಶಪುರದ ಹತ್ರ ಒಂದು ಎಸ್ಟೇಟಲ್ಲಿ ಎರಡು ದಿನ ಉಳ್ಕೊಂಡಿದ್ವಿ, ಅಲ್ಲಿ ಮನೆಯವ್ರು ಕಾಗದದಲ್ಲಿ ಸೋಸಿ ಕಪ್ಪು ಕಾಫಿ ಕೊಟ್ರು, ಸಕ್ಕರೆನೂ ಇಲ್ಲ. ನಾವೆಲ್ಲಾ ಮುಖ ಕಿವುಚ್ಕೊಂಡು ಇಟ್ಬಿಟ್ವಿ, ಭಾವ ಮಾತ್ರ ಎರಡು ಸಲ ಹಾಕಿಸ್ಕೊಂಡು ಕುಡಿದ್ರು, ಇದ್ರಲ್ಲಿ ಕಿತ್ತಳೆ ಸಿಪ್ಪೆ ವಾಸನೆ ಇದೆ ನೋಡು ಅಂತ ನನ್ ಕೈಗೂ ಕಪ್ಪು ಕೊಟ್ರು. ವಾಪಸ್ ಬಂದ್ಮೇಲೂ ಮೂರು ತಿಂಗಳು ಅದ್ರದ್ದೇ ಮಾತು. ಇದನ್ನ ಮೊದ್ಲೇ ಬರೀಬೇಕಿತ್ತು.

ಕೊಪ್ಪದ_ಮಳೆ

ಆ ಕಿತ್ತಳೆ ಸಿಪ್ಪೆ ಮಾತು ಬರದೇ ಇದ್ದಿದ್ರೆ ನಾನು ಇಲ್ಲಿ ಬರೀತಾನೇ ಇರ್ಲಿಲ್ಲ ಮಾರಾಯ್ರೆ. ಕಪ್ಪು ಕಾಫಿಯಲ್ಲಿ ಅದನ್ನ ಗುರುತು ಹಿಡಿದವ್ರಿಗೆ ಕೊಡಬೇಕಾದ್ದು ಮೊದ್ಲು ಬೀಜ, ಸಾಮಾನು ಆಮೇಲೆ.

ನಮ್ಮದು ಕೊಪ್ಪದ ಹತ್ರ ಸಣ್ಣ ತೋಟ. ನಾನು ಸಣ್ಣವನಿದ್ದಾಗ ಪ್ಯಾಕೆಟ್ ಪುಡಿ ಅಂತ ಮನೆಗೆ ಬಂದದ್ದೇ ಇಲ್ಲ. ಹಿಡಿ ಇದ್ದ ಕಬ್ಬಿಣದ ಡ್ರಮ್ಮು, ಅದನ್ನ ಒಲೆ ಮೇಲಿಟ್ಟು ಅಜ್ಜಿ ತಿರುಗಿಸ್ತಿದ್ರು, ಬೀಜ ಚಟಪಟ ಅನ್ನೋಕೆ ಶುರುವಾದ್ಮೇಲೆ ಅಜ್ಜಿಯನ್ನ ಮಾತಾಡಿಸೋ ಹಾಗಿರ್ಲಿಲ್ಲ, ಒಂದು ನಿಮಿಷ ಹೆಚ್ಚಾದ್ರೆ ಹೋಯ್ತಲ್ಲ. ಆಮೇಲೆ ಮೊರಕ್ಕೆ ಸುರಿದು ಬೀಸಿ ಆರಿಸೋದು. ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸಿದ ಎರಕದ ಕಬ್ಬಿಣದ ಪುಡಿ ಮಿಷನ್ನು ಇತ್ತು, ಅದನ್ನ ತಿರುಗಿಸೋದು ಮಕ್ಕಳ ಕೆಲಸ. ಈಗ ಹ್ಯಾಂಡ್ ಗ್ರೈಂಡರ್ ಅಂತ ಡಬ್ಬದಲ್ಲಿ ಬರೋದನ್ನ ನೋಡಿದಾಗ ನಂಗೆ ಆ ಮಿಷನ್ನೇ ನೆನಪಾಗೋದು.

ಬೀಜ ತಗೊಳ್ಳುವಾಗ ಚೀಲದ ಮೇಲೆ ಏನೇನೋ ಬರೆದಿರ್ತಾರೆ, ಅದ್ರಲ್ಲಿ ಮೊದ್ಲು ನೋಡ್ಬೇಕಾದ್ದು ಹುರಿದ ತಾರೀಕು, ಪ್ಯಾಕ್ ಮಾಡಿದ ತಾರೀಕಲ್ಲ. ಎಸ್ 795, ಸೆಲೆಕ್ಷನ್ 9, ಚಂದ್ರಗಿರಿ ಅಂತೆಲ್ಲಾ ಇದ್ರೆ ಅದು ಗಿಡದ ತಳಿ, ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದವು, ಆ ಕೇಂದ್ರ ಶುರುವಾದದ್ದು 1925ರಲ್ಲಿ. ಸೆಲೆಕ್ಷನ್ 9ಕ್ಕೆ ಇಥಿಯೋಪಿಯಾದ ತಳಿ ಸೇರಿಸಿದಾರೆ, ಕಪ್ಪು ಕಾಫಿ ಕುಡಿಯೋರಿಗೆ ಅದು ಹಿಡಿಸ್ಬಹುದು. ವಾಷ್ಡ್ ಅಂದ್ರೆ ಹಣ್ಣನ್ನ ಸಿಪ್ಪೆ ಸುಲಿಯೋ ಪಲ್ಪರ್ ಮಿಷನ್ನಿಗೆ ಹಾಕಿ ತೊಳೆದು ಒಣಗಿಸಿದ್ದು, ನಾವು ಪಾರ್ಚ್‌ಮೆಂಟ್ ಅಂತೀವಿ. ನ್ಯಾಚುರಲ್ ಅಂದ್ರೆ ಹಣ್ಣು ಹಾಗೇ ಅಂಗಳದಲ್ಲಿ ಒಣಗಿಸಿದ್ದು, ನಮ್ಮ ಬಾಯಲ್ಲಿ ಚೆರಿ. ಮೊದ್ಲೆಲ್ಲಾ ಚೆರಿಗೆ ಕಮ್ಮಿ ರೇಟು, ಈಗ ಹಣ್ಣನ್ನೇ ಆರಿಸಿ ಕೊಯ್ದು ಹುಷಾರಾಗಿ ಒಣಗಿಸಿದ್ರೆ ಅದಕ್ಕೂ ಒಳ್ಳೆ ಬೆಲೆ ಕೊಡೋರು ಇದಾರೆ, ನಮ್ಮಂಥ ಸಣ್ಣ ಬೆಳೆಗಾರರಿಗೆ ಅದು ದೊಡ್ಡ ವಿಷ್ಯ. ಪೀಬರಿ ಅಂತ ಕೇಳಿರ್ತೀರಿ, ಹಣ್ಣಿನೊಳಗೆ ಎರಡು ಬೀಜದ ಬದ್ಲು ಒಂದೇ ಗುಂಡು ಬೀಜ ಕಟ್ಟಿದ್ರೆ ಅದು ಪೀಬರಿ, ರೇಟು ಜಾಸ್ತಿ, ಒಂದೇ ಸಮ ಹುರಿಯತ್ತೆ ಅನ್ನೋದು ಬಿಟ್ರೆ ಅದೇ ಶ್ರೇಷ್ಠ ಅಂತ ಏನಿಲ್ಲ. ನಿಮ್ಮ ಭಾವನಿಗೆ ಒಂದೇ ತೋಟದ ವಾಷ್ಡ್ 250 ಗ್ರಾಂ, ನ್ಯಾಚುರಲ್ 250 ಗ್ರಾಂ ಕೊಡಿ, ಪಕ್ಕಪಕ್ಕ ಇಟ್ಟು ಕುಡೀಲಿ. ಆಗ ಅವ್ರಿಗೆ ಆಗೋ ಖುಷಿ ಯಾವ ಮಷಿನ್ನಿನಿಂದಲೂ ಬರೋದಲ್ಲ.

ಫಿಲ್ಟರ್ ಬಗ್ಗೆ ಒಂದು ಮಾತು. ಯಾರಾದ್ರೂ ಹಿತ್ತಾಳೆ ಫಿಲ್ಟರ್ ಕೊಡಿ ಅಂತ ಹೇಳಿಯೇ ಹೇಳ್ತಾರೆ. ನೋಡೋಕೆ ಚಂದ, ಬಿಸಿನೂ ಹಿಡ್ಕೊಳ್ಳತ್ತೆ, ಒಪ್ತೀನಿ. ಆದ್ರೆ ಒಳಗೆ ಕಲಾಯಿ ಇರ್ಲೇಬೇಕು, ಕಾಫಿ ಹುಳಿ ಗುಣದ್ದು, ಬರೀ ಹಿತ್ತಾಳೆಗೆ ತಾಗಬಾರ್ದು, ಕಲಾಯಿ ಸವೀತಾ ಬಂದ ಹಾಗೆ ಮತ್ತೆ ಹಾಕಿಸ್ಬೇಕು, ಹಾಕೋರು ಈಗ ಎಲ್ಲಿ ಸಿಗ್ತಾರೆ. ತೂತು ಕಟ್ಟಿದ್ರೆ ಸ್ಟೀಲ್ ಫಿಲ್ಟರನ್ನ ಬೆಂಕಿ ಮೇಲೆ ಹಿಡಿದು ಸುಡೋ ಅಭ್ಯಾಸ ನಮ್ಮಲ್ಲೆಲ್ಲಾ ಇದೆಯಲ್ಲ, ಕಲಾಯಿ ಅಂದ್ರೆ ತವರ, 232 ಡಿಗ್ರಿಗೆಲ್ಲಾ ಕರಗತ್ತೆ, ಹಾಗೆ ಮಾಡಿದ್ರೆ ಅಲ್ಲಿಗೆ ಮುಗೀತು. ಅವ್ರ ಅಮ್ಮನ ಕಾಲದ ಸ್ಟೀಲ್ ಫಿಲ್ಟರ್ ಇದೆ ಅಂದ್ರಲ್ಲ, ಅದನ್ನ ಬದಲಾಯಿಸೋ ಯೋಚನೆನೇ ಬೇಡ.

ಐಂಡ್‌ಹೋವನ್_ಅಮ್ಮ

ನಾವಿರೋದು ನೆದರ್‌ಲ್ಯಾಂಡ್ಸಲ್ಲಿ, ಊರಿಂದ ತಂದ ಫಿಲ್ಟರ್ ಪುಡಿ ಖಾಲಿಯಾದ್ಮೇಲೆ ನಮ್ಮನೇಲಿ ಡಿಕಾಕ್ಷನ್ ಅಂದ್ರೆ ಮೋಕಾ ಪಾಟೇ. ಇಟಲಿಯಲ್ಲಿ 1933ರಿಂದ ಇರೋ ಸಾಮಾನು, ಕೆಳಗೆ ನೀರು, ಮಧ್ಯೆ ಪುಡಿ, ಆವಿ ಒತ್ತಿ ಕಾಫಿ ಮೇಲೆ ಹತ್ತತ್ತೆ. ಐದಾರು ನಿಮಿಷಕ್ಕೆ ಗಟ್ಟಿ ಕಾಫಿ, ಹಾಲಿಗೆ ಹಾಕಿ ಎತ್ತಿ ಸುರಿದ್ರೆ ಕಣ್ಣು ಮುಚ್ಕೊಂಡು ಕುಡಿದ್ರೆ ಮೈಸೂರೇ. ನಿಮ್ಮ ಪಟ್ಟೀಲಿ ಅದಿದೆ ಅಂತ ಹೇಳ್ತಿದೀನಿ, ತಗೊಳ್ಳೋದಾದ್ರೆ ಇಷ್ಟು ನೆನಪಿಟ್ಕೊಳ್ಳಿ. ಡಬ್ಬದ ಮೇಲೆ 3 ಕಪ್ ಅಂತಿದ್ರೆ ಅದು ಇಟಲಿಯ ಪುಟ್ಟ ಕಪ್ಪು, ಮೂರೂ ಸೇರಿದ್ರೆ ನಮ್ಮ ಒಂದು ಲೋಟ, ನಾಲ್ಕು ಜನಕ್ಕೆ 6 ಕಪ್ಪಿನದೇ ಬೇಕು, ದೊಡ್ಡದು ತಗೊಂಡು ಅರ್ಧ ತುಂಬಿಸಿ ಮಾಡೋಕಾಗಲ್ಲ. ಅಲ್ಯೂಮಿನಿಯಂದು ಇಂಡಕ್ಷನ್ ಒಲೆ ಮೇಲೆ ಕಾಯಲ್ಲ. ನಮ್ಮೂರ ಗ್ಯಾಸ್ ಒಲೆ ಮೇಲೆ ಸಣ್ಣ ಪಾಟು ಸರಿಯಾಗಿ ಕೂರಲ್ಲ, ಕಾಲುಗಳ ಮಧ್ಯೆ ವಾಲತ್ತೆ, ಒಂದು ಸಣ್ಣ ಜಾಲರಿ ಸ್ಟ್ಯಾಂಡ್ ಬೇಕು. ಪುಡಿ ಒತ್ತಬಾರ್ದು, ಚಿಕೋರಿ ಹಾಕಿದ ಪುಡಿಯಂತೂ ಬೇಡ, ಚಿಕೋರಿ ನೀರು ಹೀರಿ ಅಂಟಂಟಾಗಿ ದಾರಿ ಕಟ್ಟತ್ತೆ, ನಂಗೆ ಒಂದ್ಸಲ ಪಕ್ಕದ ವಾಲ್ವಿಂದ ಆವಿ ನುಗ್ಗಿ ಗಾಬರಿ ಆಗಿತ್ತು. ನಿಮ್ಮ ಅಕ್ಕನ ಅತ್ತೆ ಚಿಕೋರಿ ಬಿಡಲ್ಲ ಅಂದ್ರೆ ಮೋಕಾ ಪಾಟ್ ಆ ಮನೆಗೆ ಅಲ್ಲ, ಫಿಲ್ಟರೇ ಸರಿ.

ಎರಡನೇ_ಡಿಕಾಕ್ಷನ್

ತುಂಬಿದ_ಲೋಟ ಅವ್ರ ಲೆಕ್ಕ ನೋಡ್ದೆ, ಸರಿ ಇದೆ. ನಮ್ಮನೇಲಿ ನಾನೂ ಹೆಂಡ್ತಿನೂ ಇಬ್ರೇ, ಆ ಅಳತೇಲಿ ಯೋಚನೆ ಮಾಡಿದ್ದೆ. ನಾಲ್ಕು ಜನದ ಫಿಲ್ಟರ್ ಕಾಫಿಗೆ ದಿನಾ ಕೈಯಲ್ಲಿ ಬೀಸೋದು ಬೇಡ.

ಈಗ ಹೊಸದಾಗಿ ಹೇಳ್ತೀನಿ. ಆ ಮನೇಲಿ ಎರಡು ಕಾಫಿ ಇದೆ, ಒಂದು ಐದೂವರೆ ಗಂಟೆದು, ಅದು ಅಮ್ಮನಿಗೆ, ಅದನ್ನ ಮುಟ್ಟೋದು ಬೇಡ. ಬರೀ ಪ್ಯಾಕೆಟ್ ಪುಡಿ ಬಿಟ್ಟು, ಎದುರಿಗೇ ಪುಡಿ ಮಾಡಿ ಕೊಡೋ ಅಂಗಡಿಯಿಂದ ವಾರಕ್ಕೆ ಅರ್ಧ ಕೇಜಿ ತರಿಸಿದ್ರೆ ಸಾಕು, ಮೈಸೂರಲ್ಲಿ ಅಂಥ ಅಂಗಡಿಗಳಿಗೇನು ಬರ ಇಲ್ಲ. ಅಮ್ಮನಿಗೆ ಅದೇ 70-30 ಇರ್ಲಿ. ಚಿಕೋರಿನ ಬೈಯೋರು ಬಹಳ ಜನ, ನಾನು ಬೈಯಲ್ಲ, ಅದ್ರಲ್ಲಿ ಕೆಫೀನ್ ಇಲ್ಲ, ಹಾಲಿಗೆ ಬಣ್ಣ ಮೈಕಟ್ಟು ಕೊಡತ್ತೆ, 40 ವರ್ಷ ಅದೇ ರುಚಿ ಕುಡಿದೋರಿಗೆ ಅದೇ ಕಾಫಿ. ಪ್ಯಾಕೆಟ್ ಮೇಲೆ ಎಷ್ಟು ಪರ್ಸೆಂಟ್ ಅಂತ ಮಾತ್ರ ನೋಡಿ, ಕಾನೂನಿನ ಪ್ರಕಾರ 49ರವರೆಗೂ ಹಾಕಬಹುದು.

ಎರಡನೇದು ಭಾವನ ಸ್ವಂತ ಕಾಫಿ, ಭಾನುವಾರ ಹನ್ನೊಂದು ಗಂಟೆದು ಅಂದ್ಕೊಳ್ಳಿ, ಸಕಲೇಶಪುರದಲ್ಲಿ ಕುಡಿದ್ರಲ್ಲ ಅದು. ಅದಕ್ಕೆ ಗಿಫ್ಟ್ ಕೊಡಿ. ಒಂದು ಲೋಟಕ್ಕೆ 15 ಗ್ರಾಂ, ಕೈ ಗ್ರೈಂಡರಲ್ಲಿ ಒಂದು ನಿಮಿಷದ ಕೆಲಸ, ಇಲ್ಲಿ ಗ್ರೈಂಡರ್ ಸರಿಯಾಗಿ ಕೂರತ್ತೆ. ಅದ್ರ ಜೊತೆ ಹಾರಿಯೋ ಕಂಪನಿಯ ವಿ60, 02 ಸೈಜು, ಪ್ಲಾಸ್ಟಿಕ್ಕಿಂದೇ ತಗೊಳ್ಳಿ. ಪಿಂಗಾಣಿದು ಚಂದ ಇದೆ ಅಂತ ಮನಸ್ಸು ಎಳಿಯತ್ತೆ, ಆದ್ರೆ ಪಿಂಗಾಣಿ ತಾನೇ ಮೊದ್ಲು ನೀರಿನ ಬಿಸಿ ಎಳ್ಕೊಂಡುಬಿಡತ್ತೆ, ಪ್ಲಾಸ್ಟಿಕ್ ಅಷ್ಟು ಎಳೆಯಲ್ಲ, ಬಿದ್ರೆ ಒಡೆಯಲ್ಲ, ಬೆಲೆನೂ ಕಮ್ಮಿ. ನೂರು ಕಾಗದದ ಒಂದು ಕಟ್ಟು, 0.1 ಗ್ರಾಂ ತೋರಿಸೋ ಸಣ್ಣ ತಕ್ಕಡಿ ಒಂದು. ಕೊಕ್ಕರೆ ಕತ್ತಿನ ಕೆಟಲ್ ಈಗ್ಲೇ ಬೇಡ, ಸಣ್ಣ ಮೂತಿ ಇರೋ ಸ್ಟೀಲ್ ಜಗ್ಗಲ್ಲಿ ನಿಧಾನಕ್ಕೆ ಸುರಿದ್ರೆ ನಡೆಯತ್ತೆ, ಮುಂದಿನ ವರ್ಷ ಬೇಕಾದ್ರೆ ಕೊಡಿ. ನಾನು ಎರಡು ವರ್ಷದ ಹಿಂದೆ ತಗೊಂಡಾಗ ಗ್ರೈಂಡರ್‌ಗೆ ನಾಲ್ಕು ಸಾವಿರದ ಹತ್ರ ಆಗಿತ್ತು, ಉಳಿದಿದ್ದು ಎರಡು ಸಾವಿರದೊಳಗೆ, ಈಗ ಸ್ವಲ್ಪ ಹೆಚ್ಚು ಕಮ್ಮಿ ಇರ್ಬಹುದು, ಆದ್ರೂ ಕೊಪ್ಪದವ್ರು ಹೇಳಿದ ಬೀಜಕ್ಕೂ ದುಡ್ಡು ಉಳಿಯತ್ತೆ.

ಮಾಡೋ ಕ್ರಮ ಒಂದು ಚೀಟೀಲಿ ಕನ್ನಡದಲ್ಲೇ ಬರೆದು ಡಬ್ಬದೊಳಗೆ ಇಡಿ, ಪುಸ್ತಕ ಇಂಗ್ಲಿಷಲ್ಲೋ ಜಪಾನಿ ಭಾಷೆಲೋ ಇರತ್ತೆ. ಕಾಗದ ಹಾಕಿ ಬಿಸಿನೀರಲ್ಲಿ ಒಂದ್ಸಲ ತೊಳೆದು ಆ ನೀರು ಚೆಲ್ಲಬೇಕು, ಇಲ್ಲಾಂದ್ರೆ ಕಾಗದದ ವಾಸನೆ ಬರತ್ತೆ. ಪುಡಿ ಉಪ್ಪಿನ ಹದಕ್ಕೆ ಬೀಸಿದ 15 ಗ್ರಾಂ ಪುಡಿ, ಕುದ್ದು ಇಳಿಸಿದ ನೀರು. ಮೊದ್ಲು 40 ಎಂಎಲ್ ಮಾತ್ರ ಸುರಿದು ಅರ್ಧ ಮುಕ್ಕಾಲು ನಿಮಿಷ ಬಿಡಬೇಕು, ತಾಜಾ ಬೀಜ ಆದ್ರೆ ದೋಸೆ ಹಿಟ್ಟು ಉಬ್ಬೋ ಹಾಗೆ ಉಬ್ಬತ್ತೆ, ಹುರಿದಾಗ ಒಳಗೆ ಸೇರ್ಕೊಂಡಿರೋ ಗಾಳಿ ಹೊರಗೆ ಬರೋದು ಅದು. ಉಬ್ಬದೇ ಇದ್ರೆ ಬೀಜ ಹಳೇದು. ಆಮೇಲೆ ಸುತ್ತ ಸುತ್ತ ಸುರೀತಾ 240 ಎಂಎಲ್ ತನಕ, ಒಟ್ಟು ಮೂರು ನಿಮಿಷ. ಮೂರೂವರೆ ನಾಲ್ಕು ಆಗಿ ಕಹಿ ಬಂದ್ರೆ ಗ್ರೈಂಡರ್ ಒಂದೆರಡು ಕ್ಲಿಕ್ ಸಡಿಲ ಮಾಡ್ಬೇಕು, ಎರಡು ನಿಮಿಷಕ್ಕೇ ಇಳಿದು ನೀರು ನೀರಾಗಿ ಹುಳಿ ಬಂದ್ರೆ ಬಿಗಿ ಮಾಡ್ಬೇಕು. ಸಾರಿನ ಪುಡಿ ಹುರಿಯೋ ಕೈಗೆ ಇದು ನಾಲ್ಕು ದಿನದಲ್ಲಿ ಬಂದುಬಿಡತ್ತೆ.

ತುಂಬಿದ_ಲೋಟ

ಇದು ಸರಿ ಹೋಯ್ತು. ಕಾಗದ ಸಮೇತ ಚರಟ ಎತ್ತಿ ಗಿಡದ ಕುಂಡಕ್ಕೆ ಹಾಕಿದ್ರೆ ಆಯ್ತು, ತೊಳಿಯೋರಿಗೂ ಕಷ್ಟ ಇಲ್ಲ. ಗ್ರೈಂಡರ್ ಮಾತ್ರ ನೀರಲ್ಲಿ ತೊಳೀಬಾರ್ದು ಅಂತ ಆ ಚೀಟೀಲಿ ದಪ್ಪಕ್ಷರದಲ್ಲಿ ಬರೀರಿ, ಸ್ಟೀಲ್ ಹಲ್ಲು ತುಕ್ಕು ಹಿಡಿಯತ್ತೆ, ಒಣ ಬ್ರಷ್ಷಲ್ಲಿ ಒರೆಸಿದ್ರೆ ಸಾಕು. ನಮ್ಮ ಕಡೆ ಹೊಸ ಪಾತ್ರೆ ಮನೆಗೆ ಬಂದ್ರೆ ಮೊದ್ಲು ತೊಳೆಯೋ ಅಭ್ಯಾಸ, ಬಂದ ದಿನವೇ ಯಾರಾದ್ರೂ ನಲ್ಲಿ ಕೆಳಗೆ ಹಿಡಿದುಬಿಡ್ತಾರೆ.

ಮಲ್ಲಿಗೆ_ಇಡ್ಲಿ

ತಂಗಿಗೆ ಇಡೀ ಥ್ರೆಡ್ ಓದಿಸ್ದೆ, ಎಸ್ಪ್ರೆಸ್ಸೊ ಮಷಿನ್ ಆಸೆ ಬಿಟ್ಲು. ಗ್ರೈಂಡರು, ವಿ60, ಕಾಗದ, ತಕ್ಕಡಿ ಇವತ್ತೇ ಆರ್ಡರ್ ಮಾಡಿದ್ವಿ, ಎಲ್ಲಾ ಸೇರಿ 6,300 ಆಯ್ತು. ಬೀಜ ಇನ್ನೂ ತಗೊಂಡಿಲ್ಲ. ಚೀಟಿ ನಾನೇ ಕೈಯಲ್ಲಿ ಬರೀತೀನಿ, ತೊಳೀಬಾರ್ದು ಅನ್ನೋದು ಮೊದಲ ಸಾಲಲ್ಲೇ.

ಇನ್ನೊಂದು ಯೋಚನೆ ಬಂತು, ಅಕ್ಕನ ಅತ್ತೆಗೆ ಅಂತ ಬೇರೆ ಒಂದು ಜೊತೆ ದಪ್ಪನೆ ಲೋಟ-ಡವರ ತಗೋತೀನಿ, ಮಗನ ಹುಟ್ಟಿದಬ್ಬ ಅಂದ್ರೆ ಅವ್ರಿಗೂ ಅಲ್ವಾ. ಕೊಪ್ಪದವ್ರೆ, ಊಟ ಇರೋದು 24ನೇ ತಾರೀಕು ಭಾನುವಾರ, ಬೀಜ ಯಾವಾಗ ತರಿಸ್ಲಿ? ಹುರಿದ ತಕ್ಷಣದ್ದೇ ಒಳ್ಳೇದಾ?

ಕೊಪ್ಪದ_ಮಳೆ

ಹುರಿದ ದಿನವೇ ಬೇಡ, ಒಂದು ವಾರ ಹತ್ತು ದಿನ ಕೂತ್ರೆ ಗಾಳಿ ಬಿಟ್ಟು ರುಚಿ ನಿಲ್ಲತ್ತೆ. 14-15ನೇ ತಾರೀಕು ಹುರಿಯೋ ಹಾಗೆ ಹೇಳಿ ತರಿಸಿ. ಬಂದ ಚೀಲ ಬಿಚ್ಚಬೇಡಿ, ಫ್ರಿಜ್ಜಲ್ಲೂ ಇಡಬೇಡಿ, ಒಲೆಯಿಂದ ದೂರ ಒಂದು ಕಪಾಟಲ್ಲಿ ಸಾಕು. ಹುರಿಯೋರ ಹತ್ರ ಕಪ್ಪು ಕಾಫಿ ಕುಡಿಯೋಕೆ, ಮೀಡಿಯಂ ರೋಸ್ಟ್ ಅಂತ ಬಾಯಿ ಬಿಟ್ಟು ಹೇಳಿ, ಇಲ್ಲದಿದ್ರೆ ಫಿಲ್ಟರ್ ಕಾಫಿಗೆ ಅಂದ್ಕೊಂಡು ಕಪ್ಪಗೆ ಹುರಿದು ಕಳಿಸ್ತಾರೆ, ಆ ಕಿತ್ತಳೆ ಸಿಪ್ಪೆ ಅದ್ರಲ್ಲಿ ಉಳಿಯಲ್ಲ. ನಾನೂ ಈ ಸಲದ ನ್ಯಾಚುರಲ್ ಸ್ವಲ್ಪ ಹುರಿಸ್ತಿದೀನಿ, ಬೇಕಿದ್ರೆ ಮೆಸೇಜ್ ಹಾಕಿ, 250 ಗ್ರಾಂ ನಮ್ಮ ಮನೆ ಲೆಕ್ಕದಲ್ಲಿ ಕಳಿಸ್ತೀನಿ. ಕುಡಿದು ಅವ್ರಿಗೆ ಏನು ವಾಸನೆ ಸಿಕ್ತು ಅಂತ ಮಾತ್ರ ಕೇಳಿ ಇಲ್ಲಿ ಬರೀರಿ.